ಕೈತೋಟದ ಟೊಮ್ಯಾಟೊ ಗಿಡಕ್ಕೆ ರೋಗ ಬಂದಾಗ ಔಷಧಕ್ಕಿಂತ ಮೊದಲು ಮಾಡತಕ್ಕ ಕೆಲಸ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮೊದಲಾದ ಕಡೆಗಳಲ್ಲಿ ಮನೆಯ ತಾರಸಿಯ ಮೇಲೂ, ಬಾಲ್ಕನಿಯ ಕುಂಡಗಳಲ್ಲಿಯೂ, ಕಾಂಪೌಂಡಿನೊಳಗಣ ಒಂದೆರಡು ಮಾರು ನೆಲದಲ್ಲಿಯೂ ತರಕಾರಿ ಬೆಳೆಯತಕ್ಕ ಗೃಹಸ್ಥರು ಈಚೆಗೆ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಇವರಲ್ಲಿ ಬಹುಮಂದಿ ಮೊಟ್ಟಮೊದಲು ಹಾಕುವ ಗಿಡ ಟೊಮ್ಯಾಟೊ. ದಿನದ ಸಾರಿಗೆ ಬೇಕಾದ ಹಣ್ಣು, ಬೇಗನೆ ಫಲಕ್ಕೆ ಬರುವ ಗಿಡ, ಕುಂಡದಲ್ಲಿಯೂ ಬೆಳೆಯುತ್ತದೆ. ಆದುದರಿಂದ ಇದು ಸಹಜವೇ. ಆದರೆ ಹಿತ್ತಲಿನ ಗಿಡಗಳಲ್ಲಿ ಇದರಷ್ಟು ಬಗೆಬಗೆಯ ರೋಗಗಳಿಗೆ ಈಡಾಗುವ ಗಿಡವೂ ವಿರಳ. ನಾಟಿಯಾದ ತಿಂಗಳೊಳಗೆ ಎಲೆ ಮುದುಡುತ್ತದೆ, ಇಲ್ಲವೆ ಮಚ್ಚೆ ಬೀಳುತ್ತದೆ, ಇಲ್ಲವೆ ನೆನ್ನೆ ಹಸುರಾಗಿದ್ದ ಗಿಡ ಇಂದು ಜೋತುಬಿದ್ದಿರುತ್ತದೆ. ಆಗ ಗೃಹಸ್ಥರು ಇಲಾಖೆಯವರನ್ನು ಕಂಡು ಕೇಳುವ ಮೊದಲ ಪ್ರಶ್ನೆ, "ಯಾವ ಔಷಧ ಹೊಡೆಯಬೇಕು?" ಎಂಬುದು. ಪ್ರಶ್ನೆ ಇಲ್ಲಿಂದ ಆರಂಭವಾಗುವುದೇ ತಪ್ಪೆಂದು ನನ್ನ ಅಭಿಪ್ರಾಯ. ಆ ತಪ್ಪಿಗೆ ನಮ್ಮ ಇಲಾಖೆಯವರೂ ಸ್ವಲ್ಪಮಟ್ಟಿಗೆ ಹೊಣೆಗಾರರು. ಇದನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಬೇಕೆಂದು ಬಹುದಿನಗಳಿಂದ ಇತ್ತು.

ಈ ಪ್ರದೇಶಗಳು ಇಂದು ಕಾರ್ಖಾನೆ ಮತ್ತು ಕಂಪ್ಯೂಟರ್ ಕಛೇರಿಗಳ ಸ್ಥಾನಗಳಾದರೂ ವ್ಯವಸಾಯಕ್ಕೆ ಪರಕೀಯವಾದುವಲ್ಲ. ವೈಟ್‌ಫೀಲ್ಡು ಹುಟ್ಟಿದ್ದೇ ಬೇಸಾಯದ ನೆಲಸುನಾಡಾಗಿ. 1882ನೆಯ ಇಸವಿಯಲ್ಲಿ ಮೈಸೂರು ಮಹಾರಾಜರು ಆಂಗ್ಲೋ-ಇಂಡಿಯನ್ ಜನರಿಗೆ ಸಾಗುವಳಿಗಾಗಿ ಅಲ್ಲಿ ಭೂಮಿ ಕೊಟ್ಟರು. ಎಲೆಕ್ಟ್ರಾನಿಕ್ ಸಿಟಿ ಎದ್ದುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದ ಮೇಲೆ. ಇಂದಿಗೂ ವರ್ತೂರು, ಸರ್ಜಾಪುರ, ಆನೇಕಲ್ಲುಗಳ ಕಡೆ ಬಹುಮಹಡಿ ಮನೆಗಳ ಗೋಡೆಗೆ ತಾಗಿಕೊಂಡೇ ತರಕಾರಿಯ ಹೊಲಗಳನ್ನು ಕಾಣಬಹುದು. ಹೊಸಕೋಟೆ ದಾಟಿದರೆ ಮಾಲೂರು, ಕೋಲಾರಗಳ ಟೊಮ್ಯಾಟೊ ಸೀಮೆಯೇ ಬಂದಿತು. ಆದುದರಿಂದ ತಾರಸಿಯ ಮೇಲಣ ಹತ್ತು ಕುಂಡಗಳ ವಿಚಾರವು ತಾರಸಿಯೊಡೆಯನೊಬ್ಬನದೇ ವಿಚಾರವೆಂದು ಭಾವಿಸಕೂಡದು. ರೋಗದ ಗಾಳಿಗೆ ಕಾಂಪೌಂಡು ಗೋಡೆ ಅಡ್ಡವಾಗುವುದಿಲ್ಲ.

ಎರಡು ವರ್ಷಗಳ ಕೆಳಗೆ ವರ್ತೂರಿನ ಕಡೆಯ ಒಂದು ಬಡಾವಣೆಯಲ್ಲಿ, ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಒಬ್ಬ ಗೃಹಸ್ಥರ ಮನೆಗೆ ನಾನು ಹೋಗಬೇಕಾಯಿತು. ತಾರಸಿಯ ಮೇಲೆ ಹದಿನಾಲ್ಕು ಕುಂಡಗಳಲ್ಲಿ ಟೊಮ್ಯಾಟೊ. ಗೊಬ್ಬರ, ನೀರು, ಊರುಗೋಲು, ಎಲ್ಲವೂ ಅಚ್ಚುಕಟ್ಟು. ಕಾರ್ಖಾನೆಯಲ್ಲಿ ದುಡಿದವರ ಕೈ ಎಂದು ನೋಡಿದೊಡನೆ ತಿಳಿಯುವಂತಿತ್ತು. ಮೂರು ಗಿಡಗಳ ಕುಡಿಗಳು ಮಾತ್ರ ಗಿಡ್ಡಗಾಗಿ, ಎಲೆಗಳು ಚಿಕ್ಕವಾಗಿ ಮೇಲ್ಮುಖವಾಗಿ ಬಟ್ಟಲಿನಂತೆ ಮುದುಡಿ, ಅಂಚು ಹಳದಿಯಾಗಿದ್ದುವು. ಎಲೆಯನ್ನು ಮೇಲೆತ್ತಿದೊಡನೆ ಅಡಿಯಿಂದ ಹಿಟ್ಟಿನ ಪುಡಿಯಂತೆ ಬಿಳಿ ನೊಣಗಳು ಎದ್ದುವು. ಈ ಮೂರನ್ನು ಇಂದೇ ಕಿತ್ತುಹಾಕಿಬಿಡಿ ಎಂದೆನು. ಅವರ ಮುಖ ಸಣ್ಣದಾಯಿತು. "ಮೊಮ್ಮಗಳು ನೆಟ್ಟ ಗಿಡ ಸ್ವಾಮಿ, ಹೂವು ಬೇರೆ ಬಿಟ್ಟಿದೆ. ಏನಾದರೂ ಔಷಧ ಹೇಳಿ, ತಂದು ಹೊಡೆಯುತ್ತೇನೆ" ಎಂದರು. ಔಷಧವಿಲ್ಲವೆಂದು ಹೇಳಿದೆ. ಅವರು ನಂಬಲಿಲ್ಲ, ಔಷಧವಿಲ್ಲದ ರೋಗವನ್ನು ಹೇಳುವ ಇನ್ಸ್‌ಪೆಕ್ಟರನನ್ನು ಯಾರು ತಾನೆ ನಂಬುತ್ತಾರೆ? ಆರು ವಾರಗಳ ತರುವಾಯ ಹೋಗಿ ನೋಡಿದಾಗ ಹದಿನಾಲ್ಕರಲ್ಲಿ ಹನ್ನೊಂದು ಗಿಡಗಳು ಅದೇ ಸ್ಥಿತಿಯಲ್ಲಿದ್ದುವು. ಪಕ್ಕದ ಮನೆಯ ಗಿಡಗಳಿಗೂ ತಗುಲಿತ್ತು. ಗೋಡೆಯಾಚೆ ಒಬ್ಬ ಸಣ್ಣ ರೈತನ ಅರ್ಧ ಎಕರೆ ಟೊಮ್ಯಾಟೊ ಇತ್ತು. ಅದರ ಅಂಚಿನ ಸಾಲುಗಳೂ ಮುದುಡಿಕೊಂಡಿದ್ದುವು. ತಾರಸಿಯಿಂದ ಹೊಲಕ್ಕೆ ಬಂದಿತೋ, ಹೊಲದಿಂದ ತಾರಸಿಗೆ ಹತ್ತಿತೋ, ಪ್ರಮಾಣವಾಗಿ ಹೇಳಲಾರೆ. ಆದರೆ ಒಂದು ಭೇದವುಂಟು. ಗೃಹಸ್ಥರಿಗೆ ನಷ್ಟವಾದುದು ಒಂದು ಋತುವಿನ ಉಲ್ಲಾಸ. ಆ ರೈತನು ಸಸಿ, ಗೊಬ್ಬರ, ಕೂಲಿಗಳಿಗೆ ಸಾಲ ಮಾಡಿದ್ದನು.

ಈ ರೋಗವೇ ಎಲೆ ಮುದುಡು ನಂಜುರೋಗ. ಟೊಮ್ಯಾಟೊದ ಈ ರೋಗವನ್ನು ಕುರಿತು ನಮ್ಮ ದೇಶದಲ್ಲಿ 1948ರಷ್ಟು ಹಿಂದೆಯೇ ವಿಜ್ಞಾನಿಗಳು ಬರೆದಿದ್ದಾರೆ. ಇದನ್ನುಂಟುಮಾಡುವ ವೈರಸ್‌ಗಳು ಹಲವಾರಿದ್ದು, ಅವುಗಳಲ್ಲೊಂದಕ್ಕೆ ಬೆಂಗಳೂರಿನ ಹೆಸರೂ ಮತ್ತೊಂದಕ್ಕೆ ಕರ್ನಾಟಕದ ಹೆಸರೂ ಶಾಸ್ತ್ರಗ್ರಂಥಗಳಲ್ಲಿ ಶಾಶ್ವತವಾಗಿ ಅಂಟಿಕೊಂಡಿವೆ. ಊರಿಗೆ ಇಂಥ ಕೀರ್ತಿ ಬೇಕಾಗಿರಲಿಲ್ಲ! ಬಿಳಿ ನೊಣವು ರೋಗದ ಗಿಡದ ರಸವನ್ನು ಅರ್ಧ ಗಂಟೆಗೂ ಕಡಮೆ ಕಾಲ ಹೀರಿದರೂ ಸಾಕು, ನಂಜು ಅದರ ದೇಹವನ್ನು ಸೇರುತ್ತದೆ. ಕೆಲವು ಗಂಟೆಗಳ ಮೇಲೆ ಅದು ಕೂತ ಗಿಡಗಳಿಗೆಲ್ಲ ರೋಗವನ್ನು ಹಂಚಲು ಶಕ್ತವಾಗುತ್ತದೆ. ನಂಜು ತಗುಲಿದ ಗಿಡದಲ್ಲಿ ಚಿಹ್ನೆ ಕಾಣಲು ಎರಡು ವಾರದ ಸುಮಾರು ಬೇಕು. ನಾಟಿಯಾದ ಮೊದಲ ನಾಲ್ಕು ವಾರಗಳೊಳಗೆ ತಗುಲಿದರೆ ಫಲವು ಬಹುಮಟ್ಟಿಗೆ ಇಲ್ಲವೆಂದೇ ಎಣಿಸಬೇಕು. ಗಿಡದೊಳಗೆ ಸೇರಿದ ಈ ನಂಜನ್ನು ತೆಗೆಯತಕ್ಕ ಔಷಧ ಯಾವ ಅಂಗಡಿಯಲ್ಲಿಯೂ ಇಲ್ಲ. ಅಂಗಡಿಯವರು ಕೊಡುವುದು ನೊಣವನ್ನು ಕೊಲ್ಲುವ ವಿಷವನ್ನು. ಗಿಡವನ್ನು ಗುಣಪಡಿಸುವ ಮದ್ದನ್ನಲ್ಲ. ಈ ಭೇದವನ್ನು ಗೃಹಸ್ಥರು ಮನಸ್ಸಿನಲ್ಲಿಟ್ಟರೆ ಅರ್ಧ ಕಷ್ಟ ತಪ್ಪುತ್ತದೆ. ರೋಗದ ಗಿಡವನ್ನು ಮಮತೆಯಿಂದ ಉಳಿಸಿಕೊಳ್ಳುವುದೆಂದರೆ, ನೊಣಗಳಿಗೆ ನಂಜಿನ ಅನ್ನಸತ್ರವನ್ನು ತೆರೆದಿಟ್ಟಂತೆ.

ಕೀಳುವುದಕ್ಕೂ ಕ್ರಮವುಂಟು. ಬಿಸಿಲೇರಿದ ಮೇಲೆ ಗಿಡವನ್ನು ಎಳೆದಾಡಿದರೆ ನೊಣಗಳೆಲ್ಲ ಹಾರಿ ಪಕ್ಕದ ಗಿಡಗಳನ್ನು ಸೇರುತ್ತವೆ. ಬೆಳಗ್ಗೆ ತಂಪಿನ ಹೊತ್ತಿನಲ್ಲಿ, ನೊಣಗಳು ಜಡವಾಗಿರುವಾಗ, ಗಿಡದ ಮೇಲೆ ಮೆಲ್ಲನೆ ಒಂದು ದೊಡ್ಡ ಚೀಲವನ್ನು ಮುಚ್ಚಿ, ಬುಡದಲ್ಲಿ ಕೊಯ್ದು, ಬಾಯಿ ಕಟ್ಟಿ ಎರಡು ಮೂರು ದಿವಸ ಬಿಸಿಲಿನಲ್ಲಿಡತಕ್ಕದ್ದು. ಸುತ್ತಲಿನ ಖಾಲಿ ನಿವೇಶನಗಳಲ್ಲಿ ಬೆಳೆದ ಕಳೆಯ ಕಡೆಗೂ ಗಮನವಿರಬೇಕು; ಊರಿನವರು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಮ್ಮೂ ಉಮ್ಮತ್ತಿಯೂ ಈ ನಂಜಿಗೆ ಆಶ್ರಯ ಕೊಡುವುದುಂಟು. ಬಡಾವಣೆಯ ಸಂಘದವರು ದೀಪ, ರಸ್ತೆಗಳ ವಿಚಾರಕ್ಕೆ ಸಭೆ ಸೇರುವಂತೆ ವರ್ಷಕ್ಕೆ ಎರಡು ಸಲ ಈ ಕಳೆಯ ವಿಚಾರಕ್ಕೂ ಸೇರಿದರೆ ಒಳ್ಳೆಯದು. ಸಸಿಗಳನ್ನು ಮನೆಯಲ್ಲಿಯೇ ಎಬ್ಬಿಸುವವರು ಮೊದಲ 25-30 ದಿವಸ ಒತ್ತಾದ ನೈಲಾನ್ ಪರದೆಯೊಳಗೆ ಬೆಳೆಸತಕ್ಕದ್ದು. ಸೊಳ್ಳೆಪರದೆಯ ಕಣ್ಣು ಈ ಕೆಲಸಕ್ಕೆ ಸಾಲದು, ಬಿಳಿ ನೊಣ ಅದರಲ್ಲಿ ನುಸುಳುತ್ತದೆ. ಡಬ್ಬದ ಮುಚ್ಚಳಕ್ಕೆ ಹಳದಿ ಬಣ್ಣ ಬಳಿದು ಹರಳೆಣ್ಣೆ ಸವರಿ ಗಿಡಗಳ ನಡುವೆ ನಿಲ್ಲಿಸಿದರೆ ನೊಣಗಳು ಅಂಟಿಕೊಳ್ಳುತ್ತವೆ. ಅವೆಲ್ಲ ಅದರಿಂದ ನಾಶವಾಗುವುದಿಲ್ಲ. ಆದರೆ ಬಂದಿವೆಯೋ ಇಲ್ಲವೋ ಎಂಬುದು ತಿಳಿಯುತ್ತದೆ.

ಆದರೆ ಮುದುಡಿದ ಎಲೆಯೆಲ್ಲ ನಂಜಲ್ಲ. ಕೀಳಿರಿ ಎಂದು ಹೇಳುವವನು ಇದನ್ನೂ ಹೇಳಲೇಬೇಕು. ಇಲ್ಲದಿದ್ದರೆ ಆರೋಗ್ಯವಾದ ಗಿಡಗಳಿಗೂ ಹಾನಿಯಾದೀತು. ಏಪ್ರಿಲ್ ತಿಂಗಳ ಬಿಸಿಲಿಗೆ ಕಾದ ಸಿಮೆಂಟು ತಾರಸಿಯ ಮೇಲೆ ಗಿಡದ ಕೆಳಗಣ ಹಳೆಯ ಎಲೆಗಳು ಸುರುಳಿಯಾಗುವುದು ಸಹಜ. ಕುಡಿ ನೇರವಾಗಿ ಹಸುರಾಗಿ ಬೆಳೆಯುತ್ತಿದ್ದರೆ ಭಯವಿಲ್ಲ. ಹಣ್ಣಿನ ತುದಿ ಕಪ್ಪಾಗಿ ಚರ್ಮದಂತೆ ಗಟ್ಟಿಯಾದರೆ ಅದು ಯಾವ ಕ್ರಿಮಿಯ ಕೆಲಸವೂ ಅಲ್ಲ. ಒಂದು ದಿನ ಕುಂಡವನ್ನು ಒಣಗಿಸಿ ಮರುದಿನ ನೀರಿನಲ್ಲಿ ಮುಳುಗಿಸುವುದರಿಂದ ಸುಣ್ಣದ ಅಂಶವು ಹಣ್ಣಿಗೆ ಸರಿಯಾಗಿ ತಲಪದೆ ಹಾಗಾಗುತ್ತದೆ. ಶನಿವಾರ ಭಾನುವಾರ ಮಾತ್ರ ತೋಟದ ಕಡೆ ತಲೆಹಾಕುವ ಕಛೇರಿಯವರ ಮನೆಗಳಲ್ಲಿ ಇದನ್ನು ಹೆಚ್ಚಾಗಿ ಕಂಡಿದ್ದೇನೆ. ಇನ್ನೊಂದು ಸಂಗತಿ ಈ ಪ್ರಾಂತದ್ದೇ ವಿಶೇಷ. ಕೊಳವೆಬಾವಿಯ ಗಡಸು ನೀರನ್ನು ಉಪ್ಪಿನ ಯಂತ್ರದಿಂದ ಮೆದುಮಾಡಿ ನಲ್ಲಿಗೆ ಬಿಡುವ ಪದ್ಧತಿ ಅನೇಕ ದೊಡ್ಡ ವಸತಿಗಳಲ್ಲುಂಟು. ಸ್ನಾನಕ್ಕೆ ಆ ನೀರು ಹಿತ; ಕುಂಡದ ಮಣ್ಣಿಗೆ ಅಹಿತ. ಸೋಡಿಯಂ ಸೇರಿ ಸೇರಿ ಎಲೆಯ ಅಂಚು ಸುಟ್ಟಂತಾಗುತ್ತದೆ. ಮನೆಯವರು ಅದನ್ನು ರೋಗವೆಂದು ಬಗೆದು ಬೂಷ್ಟಿನ ಔಷಧ ಸಿಂಪಡಿಸುತ್ತಾರೆ. ಅಂಥ ಕಡೆ ಮಳೆಯ ನೀರನ್ನಾಗಲಿ, ಯಂತ್ರಕ್ಕೆ ಹೋಗುವ ಮೊದಲಿನ ನೀರನ್ನಾಗಲಿ ಕೊಟ್ಟರೆ ಬೇರೆ ಔಷಧವೇ ಬೇಕಿಲ್ಲ.

ದುಂಡಾಣು ಸೊರಗು ರೋಗದ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಗಿಡ ಹಸುರಾಗಿರುವಂತೆಯೇ ಮಧ್ಯಾಹ್ನ ಜೋತುಬಿದ್ದು, ಒಂದೆರಡು ದಿನಗಳಲ್ಲಿ ನೀರು ಕೊಟ್ಟರೂ ಏಳುವುದಿಲ್ಲ. ಕಾಂಡವನ್ನು ಬುಡದ ಹತ್ತಿರ ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಟ್ಟರೆ ಕೆಲವು ನಿಮಿಷಗಳಲ್ಲಿ ಕೊಯ್ದ ಕಡೆಯಿಂದ ಹಾಲಿನ ಎಳೆಯಂತೆ ಬಿಳಿಯ ದ್ರವ ಇಳಿಯುತ್ತದೆ. ಶಾಲೆಯ ಮಕ್ಕಳೂ ಮಾಡಬಹುದಾದ ಪರೀಕ್ಷೆ ಇದು. ಎಳೆ ಕಂಡರೆ ಗಿಡವನ್ನು ಮಾತ್ರವಲ್ಲ, ಆ ಕುಂಡದ ಮಣ್ಣನ್ನೂ ತೋಟದಿಂದ ದೂರಮಾಡಬೇಕು. ಈ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಬದನೆ, ಆಲೂಗೆಡ್ಡೆ, ಮೆಣಸಿನ ಗಿಡಗಳಿಗೂ ತಗುಲುತ್ತದೆ. ಒಂದು ಕುಂಡದ ಮಣ್ಣನ್ನು ಎಲ್ಲ ಕುಂಡಗಳಿಗೂ ಹಂಚಿ ಕಲಸುವ ಅಭ್ಯಾಸ ತಾರಸಿ ತೋಟದವರಲ್ಲಿ ಬಹಳವಾಗಿದೆ; ಅದಕ್ಕಿಂತ ಅಪಾಯಕರವಾದುದು ಬೇರೊಂದಿಲ್ಲ. ನೆಲದಲ್ಲಿ ಬೆಳೆಯುವವರು ಅದೇ ಜಾಗದಲ್ಲಿ ಮುಂದಿನ ಸರದಿಗೆ ಹುರುಳಿಕಾಯಿ, ಅವರೆ, ಸೊಪ್ಪು ಮುಂತಾದುವನ್ನು ಹಾಕತಕ್ಕದ್ದು.

ಮಚ್ಚೆಯ ರೋಗಗಳಲ್ಲಿ ಮಾತ್ರ ಔಷಧಕ್ಕೆ ನಿಜವಾದ ಸ್ಥಾನವುಂಟು. ಕೆಳಗಿನ ಎಲೆಗಳಲ್ಲಿ ಒಂದರೊಳಗೊಂದು ಉಂಗುರವಿಟ್ಟಂತೆ ಕಂದುಮಚ್ಚೆ ಬಿದ್ದರೆ ಅದು ಮೊದಲ ಅಂಗಮಾರಿ. ಆ ಎಲೆಗಳನ್ನು ಚಿವುಟಿ ತೆಗೆದು, ಬುಡಕ್ಕೆ ಒಣಹುಲ್ಲಿನ ಹೊದಿಕೆ ಹಾಕಿ, ಎಲೆ ನೆನೆಯದಂತೆ ಬುಡಕ್ಕೇ ನೀರು ಹೊಯ್ದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಕೊನೆಯ ಅಂಗಮಾರಿ ಇದಕ್ಕಿಂತ ಕ್ರೂರ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಗೆ ಬಿದ್ದು ಮಹಾ ಕ್ಷಾಮವನ್ನುಂಟುಮಾಡಿದ ರೋಗವೇ ಇದು. ನಮ್ಮ ರಾಜ್ಯದ ಟೊಮ್ಯಾಟೊ ಹೊಲಗಳನ್ನು 2009-10ರ ಸುಮಾರಿಗೆ ಉಗ್ರವಾಗಿ ಹಾಳುಗೆಡವಿತು. ಮೋಡ ಮುಚ್ಚಿದ ತಂಪು ದಿನಗಳು ಒಂದೇ ಸಮನೆ ಬಂದಾಗ ಎಲೆಯ ಮೇಲೆ ಬೆಂದಂತಹ ನೀರುಮಚ್ಚೆ, ಬೆಳಗ್ಗೆ ಅದರ ಅಡಿಯಲ್ಲಿ ಬಿಳಿಯ ಬೂಷ್ಟು ಕಂಡರೆ ವಾರ ಕಾಯುವ ಹಾಗಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಗೆ ಮುಂಚಿತವಾಗಿಯೇ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಯುಕ್ತ.

ಬೋರ್ಡೋ ದ್ರಾವಣವು ನಮ್ಮ ನಾಡಿಗೆ ಹೊಸದಲ್ಲ. ಫ್ರಾನ್ಸ್ ದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಾರದಿರುವುದನ್ನು ಮಿಲಾರ್ಡೆ ಎಂಬ ಪಂಡಿತರು ಕಂಡು 1885ರಲ್ಲಿ ಲೋಕಕ್ಕೆ ತಿಳಿಸಿದರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದು, ಮುಂದೆ ವ್ಯವಸಾಯ ಇಲಾಖೆಯ ಡೈರೆಕ್ಟರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ ಸಾಹೇಬರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಶೋಧಿಸಿ, ಇದೇ ದ್ರಾವಣವನ್ನು ಅಡಿಕೆಯ ಗೊನೆಗಳಿಗೆ ಸಿಂಪಡಿಸುವುದನ್ನು ರೂಢಿಗೆ ತಂದರು. ಅದಕ್ಕೆ ಮೊದಲು ತೋಟದವರು ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಇಲ್ಲಿ ನಾವು ಮರೆಯತಕ್ಕುದಲ್ಲದ ಸಂಗತಿಯೊಂದುಂಟು: ಕೋಲ್ಮನ್ನರು ಮೊದಲು ಮಾಡಿದ್ದು ರೋಗವಾವುದೆಂದು ಗುರುತಿಸುವ ಕೆಲಸ; ಔಷಧದ ಮಾತು ಆಮೇಲೆ ಬಂದಿತು.

ಮನೆಯ ಅಳತೆಗೆ ಒಂದು ಲೀಟರ್ ದ್ರಾವಣಕ್ಕೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಹೊಸದಾಗಿ ಸುಟ್ಟ ಸುಣ್ಣ ಸಾಕು. ಎಳೆಯ ಗಿಡಗಳಿಗೆ ಎರಡೂ ಅರ್ಧದಷ್ಟೇ. ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ, ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿಯೂ ಬೇರೆ ಬೇರೆ ಕರಗಿಸಿ, ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಸುರಿಯುತ್ತ ಕದಡಬೇಕು. ಕಬ್ಬಿಣದ ಪಾತ್ರೆ ಕೂಡದು. ಮಣ್ಣಿನದಾಗಲಿ ಪ್ಲಾಸ್ಟಿಕ್ಕಿನದಾಗಲಿ ಆಗಬಹುದು. ಹೊಳಪಾದ ಚಾಕುವಿನ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯತಕ್ಕದ್ದು. ಮಾಡಿದ ದಿನವೇ ಬಳಸಬೇಕು. ಮೈಲುತುತ್ತ ವಿಷವಾದುದರಿಂದ ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು. ಹಣ್ಣನ್ನು ಚೆನ್ನಾಗಿ ತೊಳೆದು ಬಳಸಬೇಕು. ಇದು ಬರುವ ರೋಗವನ್ನು ತಡೆಯುತ್ತದೆ. ಎಲೆಯೊಳಕ್ಕೆ ಹೊಕ್ಕ ರೋಗವನ್ನು ಹೊರಡಿಸುವುದಿಲ್ಲ.

ಇನ್ನು ಗಿಡದ ಮೈಯೊಳಗೆ ಹರಡುವ ತೀಕ್ಷ್ಣ ಕೀಟನಾಶಕಗಳ ಮಾತು. ಇವು ಹೊಲಕ್ಕೆ ಬೇಕೋ ಬೇಡವೋ ಎಂಬುದು ಬೇರೆಯ ಚರ್ಚೆ. ಮನೆಯ ತಾರಸಿಗೆ ಸಲ್ಲದೆಂಬುದೇ ನನ್ನ ದೃಢವಾದ ಅಭಿಪ್ರಾಯ. ಸಿಂಪಡಿಸಿದ ಮೇಲೆ ಇಷ್ಟು ದಿನ ಹಣ್ಣು ಕೀಳಕೂಡದೆಂದು ಸೀಸೆಯ ಮೇಲೆ ಅಚ್ಚಾಗಿರುತ್ತದೆ. ಹೊಲದಲ್ಲಿ ಬಿಡಿಸುವ ದಿನ ಗೊತ್ತಾಗಿರುತ್ತದೆ, ಕಾಯಬಹುದು. ಮನೆಯಲ್ಲಿ ಹಾಗಲ್ಲ. ಯಜಮಾನರು ಬೆಳಗ್ಗೆ ಸಿಂಪಡಿಸುತ್ತಾರೆ. ಅದರ ಸುಳಿವಿಲ್ಲದೆ ಅತ್ತೆಯವರು ಮಧ್ಯಾಹ್ನ ಸಾರಿಗೆ ಎರಡು ಹಣ್ಣು ಕಿತ್ತುಕೊಳ್ಳುತ್ತಾರೆ. ಶಾಲೆಯಿಂದ ಬಂದ ಹುಡುಗ ಒಂದನ್ನು ಗಿಡದಿಂದಲೇ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾನೆ. ಇದಲ್ಲದೆ ಕೆಳಗಿನ ಮಹಡಿಯಲ್ಲಿ ಒಣಹಾಕಿದ ಬಟ್ಟೆಗಳ ಮೇಲೂ ತುಂತುರು ಬೀಳುತ್ತದೆ. ಹತ್ತು ಗಿಡಗಳಿಗೆ ಎಲೆಯ ಅಡಿಗೆ ತಾಗುವಂತೆ ಸೋಪಿನ ನೀರು, ಇಲ್ಲವೆ ಲೀಟರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನೊಡನೆ ಕಲಸಿ ಸಂಜೆಯ ವೇಳೆ ಸಿಂಪಡಿಸುವುದು ಸಾಕು.

ನಮ್ಮವರ ಹೊಣೆಯ ಮಾತನ್ನು ಮೊದಲೇ ಎತ್ತಿದ್ದೇನೆ. ನಾವು ಹಂಚುವ ಕರಪತ್ರಗಳೆಲ್ಲ ಎಕರೆಯ ಲೆಕ್ಕದವು. ಇಷ್ಟು ಔಷಧ, ಇಷ್ಟು ನೂರು ಲೀಟರ್ ನೀರು, ಇಷ್ಟು ದಿನಕ್ಕೊಮ್ಮೆ ಎಂದು ಪಟ್ಟಿ. ಎಂಟು ಕುಂಡದ ಗೃಹಿಣಿ ಅದನ್ನು ಓದಿ ಚಮಚದ ಲೆಕ್ಕಕ್ಕೆ ಇಳಿಸುವಾಗ ತಪ್ಪಿದರೆ ತಪ್ಪು ಯಾರದು? ಇದಲ್ಲದೆ ಮನೆಯ ತೋಟಗಾರನಿಗೆ ರೈತನಿಗಿಲ್ಲದ ಒಂದು ಅನುಕೂಲವುಂಟು: ಅವನು ಪ್ರತಿ ಗಿಡದ ಪ್ರತಿ ಎಲೆಯನ್ನೂ ದಿನವೂ ನೋಡಬಲ್ಲನು. ಎಕರೆಗೆ ಸಾವಿರಾರು ಗಿಡ ಹಾಕಿದವನಿಗೆ ಅದು ಅಸಾಧ್ಯ. ಈ ಅನುಕೂಲವನ್ನು ಬಳಸಿಕೊಳ್ಳುವಂತೆ ಕಲಿಸದೆ, ರೈತನ ಪಟ್ಟಿಯನ್ನೇ ಚಿಕ್ಕದುಮಾಡಿ ಕೊಡುವುದು ಸರಿಯಲ್ಲ. ಇಲಾಖೆಯವರು ಎಲೆಯ ಬಣ್ಣದ ಚಿತ್ರಗಳುಳ್ಳ ಒಂದೇ ಹಾಳೆಯನ್ನು ಅಚ್ಚುಹಾಕಿಸಿ, "ಇದು ಕಂಡರೆ ಕೀಳಿರಿ, ಇದು ಕಂಡರೆ ಎಲೆ ಚಿವುಟಿರಿ, ಇದು ಕಂಡರೆ ನೀರು ಸರಿಮಾಡಿರಿ" ಎಂದು ಬಡಾವಣೆಗಳ ಸಂಘಗಳಿಗೆ ಹಂಚಿದರೆ, ಹತ್ತು ಔಷಧದ ಪಟ್ಟಿಗಳಿಗಿಂತ ಹೆಚ್ಚು ಉಪಕಾರವಾದೀತು.

ಬೀಜದ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಅಂಗಡಿಯ ಹಣ್ಣನ್ನು ಹಿಂಡಿ ಬೀಜ ಒಣಗಿಸಿ ಬಿತ್ತುವವರು ಬಹಳ. ಆ ಹಣ್ಣುಗಳು ಬಹುಪಾಲು ಮಿಶ್ರತಳಿಯವು. ಅವುಗಳ ಬೀಜದಿಂದ ತಾಯಿಯ ಗುಣ ನೆಟ್ಟಗೆ ಬರುವುದಿಲ್ಲ, ರೋಗನಿರೋಧ ಶಕ್ತಿಯಂತೂ ನಂಬತಕ್ಕುದಲ್ಲ. 1967ರಲ್ಲಿ ಸ್ಥಾಪಿತವಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಪೀಣ್ಯದವರಿಗೆ ಹತ್ತಿರದಲ್ಲೇ ಇದೆ. ಅಲ್ಲಿ ಸಿದ್ಧವಾದ ಅರ್ಕಾ ರಕ್ಷಕ್ ಎಂಬ ಮಿಶ್ರತಳಿಯು ಎಲೆ ಮುದುಡು ರೋಗ, ದುಂಡಾಣು ಸೊರಗು, ಮೊದಲ ಅಂಗಮಾರಿ ಮೂರನ್ನೂ ತಡೆಯುತ್ತದೆ. ಅರ್ಕಾ ಅಭೇದ್ ಇವುಗಳೊಡನೆ ಕೊನೆಯ ಅಂಗಮಾರಿಯನ್ನೂ ತಡೆಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಎಲೆ ಮುದುಡು ರೋಗವನ್ನು ಎದುರಿಸಲು ಸಂಕ್ರಾಂತಿ, ನಂದಿ, ವೈಭವ್ ಎಂಬ ತಳಿಗಳನ್ನು ಕೊಟ್ಟಿದ್ದಾರೆ. ತಡೆಯುತ್ತದೆ ಎಂದರೆ ರೋಗವೇ ಬಾರದೆಂದಲ್ಲ. ಥ್ರಿಪ್ಸ್ ನುಸಿಯಿಂದ ಹರಡುವ, ಕುಡಿಯನ್ನು ಸುಟ್ಟು ಹಣ್ಣಿನ ಮೇಲೆ ಉಂಗುರಗಳನ್ನುಂಟುಮಾಡುವ ಮತ್ತೊಂದು ನಂಜುರೋಗ ಈ ತಳಿಗಳಿಗೂ ಬರುತ್ತದೆ. ಅದಕ್ಕೂ ಕೀಳುವುದೇ ಉಪಾಯ. ಬೀಡಿ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸಸಿಗಳನ್ನು ಮುಟ್ಟಿದರೆ ಮೊಸಾಯಿಕ್ ನಂಜು ಹತ್ತಬಹುದು. ಸೋಪಿನಿಂದ ಕೈ ತೊಳೆದು ತೋಟಕ್ಕೆ ಹೋಗತಕ್ಕದ್ದು.

ವರ್ತೂರಿನ ಕಡೆಯ ಆ ಗೃಹಸ್ಥರು ಹೋದ ವರ್ಷ ಪರದೆಯೊಳಗೆ ಅರ್ಕಾ ರಕ್ಷಕ್ ಸಸಿಗಳನ್ನು ಎಬ್ಬಿಸಿ ಹತ್ತು ಕುಂಡಗಳಲ್ಲಿ ನೆಟ್ಟರು. ಇಪ್ಪತ್ತನೆಯ ದಿನ ಒಂದು ಗಿಡದ ಕುಡಿ ಸಂಶಯವಾಗಿ ಕಂಡಿತೆಂದು ದೂರವಾಣಿಯಲ್ಲಿ ಚಿತ್ರ ಕಳುಹಿಸಿದರು. ನಾನು ಮಧ್ಯಾಹ್ನ ಬಿಡುವಾಗಿ ಉತ್ತರ ಬರೆಯುವಷ್ಟರಲ್ಲಿ ಇನ್ನೊಂದು ಚಿತ್ರ ಬಂದಿತ್ತು: ಬಾಯಿ ಕಟ್ಟಿದ ಚೀಲ, ಅದರ ಪಕ್ಕದಲ್ಲಿ ಬರಿಯ ಕುಂಡ, ಕುಂಡದ ಮುಂದೆ ಮೆಂತ್ಯದ ಕಾಳು ಹಿಡಿದು ನಿಂತ ಮೊಮ್ಮಗಳು.